ಐದು ವರ್ಷ ಅಂದಿದ್ದು ತಪ್ಪಾಯಿತು, ಮಂಜು

ಪ್ರೀತಿಯ ಮಂಜು,

ಹೋದ ಭಾನುವಾರ ಬ್ಯಾಡಗಿಗೆ ಬಂದಾಗ, ಕಾಕಾ ಅವರ ಪಾರ್ಕಿನ್ಸನ್ ಕಾಯಿಲೆಯ ವಿಷಯಕ್ಕೆ ಕಾಕು ನನ್ನನ್ನು ಅಡುಗೆಮನೆಗೆ ಕರೆದು, "ನೀ ಇದೇ ಔಷಧದ ಕೆಲಸ ಮಾಡ್ತಿಯಂತಲ್ಲಪ್ಪಾ, ಇವರಿಗೆ ಪೂರ್ತಿ ಆರಾಮ ಆಗೋ ಗುಳಿಗಿ ಯಾವಾಗ ಬರ್ತದ?" ಅಂತ ಕೇಳಿದರು. "ಐದು ವರ್ಷದಾಗ ಬರ್ತದ ಕಾಕು" ಅಂದುಬಿಟ್ಟೆ. ಅವರ ಮುಖ ಅರಳಿತು. ಹುಬ್ಬಳ್ಳಿಗೆ ವಾಪಸ್ ಬರುವಾಗ ಬಸ್ಸಿನಲ್ಲೇ ಆ ಮಾತು ಕೊರೆಯತೊಡಗಿತ್ತು, ಈಗ ಕಾಕು ಕ್ಯಾಲೆಂಡರಿನ ಹಿಂದೆ ಆ ವರ್ಷ ಬರೆದಿಟ್ಟಿದ್ದಾರೆ ಅಂತ ನೀನು ಹೇಳಿದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಹಾಗೆ ತಾರೀಖು ಕೊಡುವ ಹಕ್ಕು ನನಗಿರಲಿಲ್ಲ. ಫೋನಿನಲ್ಲಿ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮನೆಯಲ್ಲಿ ಇದೇ ಕಾಯಿಲೆ ಇರುವವರೂ ಓದಲಿ ಅಂತ ನೀನೇ ಒಪ್ಪಿದ್ದರಿಂದ ಎಲ್ಲರ ಮುಂದೆ ಇಡುತ್ತಿದ್ದೇನೆ.

ನಮ್ಮದು ಬೆಂಗಳೂರಿನ ಸಣ್ಣ ಕಂಪನಿ, ನಾನು ಹುಬ್ಬಳ್ಳಿಯ ವಿದ್ಯಾನಗರದ ಮನೆಯಲ್ಲೇ ಕೂತು ಕೆಲಸ ಮಾಡುತ್ತೇನೆ. ಪಾರ್ಕಿನ್ಸನ್, ಅಲ್ಝೈಮರ್ ಥರ ಮೆದುಳಿನ ಕೋಶಗಳು ಮೆಲ್ಲಗೆ ಸಾಯುತ್ತಾ ಹೋಗುವ ಕಾಯಿಲೆಗಳಿಗೆ ಕಂಪ್ಯೂಟರಿನಲ್ಲಿ ಔಷಧ ಹುಡುಕುವುದು. ನಿನ್ನ ಅಂಗಡಿಯ ಮಾತಿನಲ್ಲೇ ಹೇಳುತ್ತೇನೆ. ಟೆಂಡರ್ ದಿನ ಎಪಿಎಂಸಿಯಲ್ಲಿ ಮೆಣಸಿನಕಾಯಿಯ ಲಾಟ್ ಮೇಲೆ ಲಾಟ್ ಬಿದ್ದಿರುತ್ತವೆ. ಖರೀದಿದಾರ ಎಲ್ಲ ಚೀಲ ಸುರಿಸಿ ನೋಡುತ್ತಾ ಕೂರಲಾರ. ಬಣ್ಣ ನೋಡುತ್ತಾನೆ, ಸುಕ್ಕು ನೋಡುತ್ತಾನೆ, ಒಂದು ಕಾಯಿ ಮುರಿಯುತ್ತಾನೆ, ದರ ಹಾಕಿ ಮುಂದೆ ಹೋಗುತ್ತಾನೆ. ನಮ್ಮ ಕಂಪ್ಯೂಟರೂ ಕೋಟಿಗಟ್ಟಲೆ ಅಣುಗಳಿಗೆ ಹೀಗೇ ದರ ಹಾಕುತ್ತದೆ: ಕಾಯಿಲೆ ತರುವ ಪ್ರೋಟೀನಿಗೆ ಇದು ಅಂಟೀತಾ, ಲಿವರಿಗೆ ಹಾನಿ ಮಾಡೀತಾ, ಮೆದುಳಿನೊಳಗೆ ಹೋದೀತಾ. ಮೇಲೆ ಬಂದ ಕೆಲವನ್ನು ಮಾತ್ರ ತರಿಸಿ ಲ್ಯಾಬಿನಲ್ಲಿ ನೋಡುತ್ತೇವೆ. ಆರಿಸುವ ಕೆಲಸ ಬೇಗ ಆಗುತ್ತದೆ, ಅದು ನಿಜ. ಆದರೆ ಅದು ಚೀಲದ ಬಾಯಿ ನೋಡಿ ಹಾಕಿದ ದರ. ಮೊಣಕೈವರೆಗೆ ಕೈ ಹಾಕಿದಾಗ ತೇವ ಹಿಡಿದ ಕಾಯಿ ಸಿಗುವುದು ನಿನಗೆ ಗೊತ್ತಲ್ಲ, ನಮಗೂ ದಿನಾ ಹಾಗೇ ಸಿಗುತ್ತದೆ.

ಕಾಕಾ ಅವರ ಕಾಯಿಲೆಯಲ್ಲಿ ಕಷ್ಟ ಇನ್ನೂ ಜಾಸ್ತಿ. ಆಲ್ಫಾಫೋಲ್ಡ್ ಅನ್ನೋ ಪ್ರೋಗ್ರಾಂ ಪ್ರೋಟೀನಿನ ಆಕಾರವನ್ನು ಲೆಕ್ಕ ಹಾಕಿಯೇ ಹೇಳುತ್ತದೆ, ಅದನ್ನು ಕಟ್ಟಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಬಂತು. ಆಕಾರ ಗೊತ್ತಾದರೆ ಅದರಲ್ಲಿ ಅಣು ಕೂರುವ ಗುಳಿ ಹುಡುಕಬಹುದು. ಆದರೆ ಪಾರ್ಕಿನ್ಸನ್‌ನಲ್ಲಿ ಕೋಶದೊಳಗೆ ಗಂಟುಗಟ್ಟುವ ಪ್ರೋಟೀನ್ ಆದ ಆಲ್ಫಾ ಸಿನ್ಯೂಕ್ಲಿನ್‌ಗೆ, ಅದು ಬಿಡಿಯಾಗಿದ್ದಾಗ, ನಿಂತ ಆಕಾರವೇ ಇಲ್ಲ. ಅಮೈನೋ ಆಮ್ಲ ಅನ್ನೋ 140 ಮಣಿಗಳ ಸರ, ನೀರಿಗೆ ಬಿಟ್ಟ ದಾರದ ಹಾಗೆ ಕ್ಷಣಕ್ಕೊಂದು ರೂಪ. 2024ರಲ್ಲಿ ಕೇಂಬ್ರಿಡ್ಜ್‌ನವರು ಬಿಡಿ ಸರವನ್ನು ಬಿಟ್ಟು, ಗಂಟಾದ ಎಳೆಯ ಮೈಗೆ ಅಂಟುವ ಅಣುಗಳನ್ನು ಹುಡುಕಿದರು. ಕಂಪ್ಯೂಟರ್ ಆರಿಸಿದ್ದನ್ನು ಲ್ಯಾಬಿನಲ್ಲಿ ನೋಡುವುದು, ಗೆದ್ದದ್ದು ಸೋತದ್ದು ಎರಡನ್ನೂ ಅದಕ್ಕೆ ಕಲಿಸುವುದು, ಮತ್ತೆ ಆರಿಸುವುದು. ಒಳ್ಳೆಯ ಅಣುಗಳು ಸಿಕ್ಕವು. ಲ್ಯಾಬಿನಲ್ಲಿ ಸಿಕ್ಕವು, ಮನುಷ್ಯರಲ್ಲಿ ಇನ್ನೂ ಅಲ್ಲ.

ಮನುಷ್ಯರವರೆಗೆ ಹೋದವರ ಕಥೆಯೂ ಹೇಳಬೇಕು. ಅಮೆರಿಕದ ವರ್ಜ್ ಜೀನೋಮಿಕ್ಸ್ ಕಂಪನಿ, ಎಎಲ್‌ಎಸ್ (ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುವ ಕಾಯಿಲೆ) ಬಂದು ತೀರಿಕೊಂಡವರ ನರದ ಅಂಗಾಂಶದಿಂದ ಬಂದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಜಾಲಾಡಿ ಎಲ್ಲಿ ಹೊಡೆಯಬೇಕು ಅಂತ ಕಂಡುಕೊಂಡಿತು, ಔಷಧ ಮಾಡಿತು, ರೋಗಿಗಳಿಗೆ ಕೊಟ್ಟು ನೋಡಿತು. ಗುಣ ಕಾಣಲಿಲ್ಲ. 2024ರ ಕೊನೆಗೆ ಆ ಪ್ರಯೋಗ ನಿಲ್ಲಿಸಿದರು. ಇಲಿಗಳಿಗೆ ತಾನಾಗಿ ಪಾರ್ಕಿನ್ಸನ್ ಬರುವುದಿಲ್ಲ ಮಂಜು, ಆದ್ದರಿಂದ ಇಲಿಯಲ್ಲಿ ಗೆದ್ದದ್ದನ್ನು ನಂಬಿ ಕೂರುವ ಹಾಗಿಲ್ಲ. ಮನುಷ್ಯರ ಮೇಲಿನ ಪ್ರಯೋಗವನ್ನು ಯಾವ ಕಂಪ್ಯೂಟರೂ ಓಡಿಸಿ ಬೇಗ ಮುಗಿಸಲಾರದು. ಮೆಲ್ಲಗೆ ಬೆಳೆಯುವ ಕಾಯಿಲೆ ತಡೆಯಿತೋ ಇಲ್ಲವೋ ನೋಡಲು ವರ್ಷಗಟ್ಟಲೆ ಕಾಯಲೇಬೇಕು. ನಾನು ಕಾಕುಗೆ ಇದನ್ನು ಹೇಳಬೇಕಿತ್ತು.

ಇನ್ನೊಂದು ವಿಷಯ ಅವತ್ತೇ ಕಣ್ಣಿಗೆ ಬಿತ್ತು, ಊಟದ ಹೊತ್ತಿಗೆ ಎಲ್ಲರ ಮುಂದೆ ಹೇಳಲು ಸಂಕೋಚವಾಯಿತು. ಕಾಕಾ ಎರಡು ರೊಟ್ಟಿ, ಮಡಿಕೆಕಾಳಿನ ಪಲ್ಯ, ಬಟ್ಟಲು ತುಂಬ ಮೊಸರು ಉಂಡರು. ಆಮೇಲೆ ಕಾಕು ಗುಳಿಗೆ ಕೊಟ್ಟರು. ಖಾಲಿ ಹೊಟ್ಟೆಯಲ್ಲಿ ಗುಳಿಗೆ ಕೊಡಬಾರದು ಅನ್ನೋ ಪ್ರೀತಿಯಿಂದಲೇ. ಒಂದೂವರೆ ತಾಸಾದರೂ ಕಾಕಾ ಅವರ ಬಲಗೈ ಬಿಗಿ ಬಿಡಲಿಲ್ಲ, ಅಂಗಿಯ ಗುಂಡಿ ಹಾಕಲು ನೀನೇ ಹೋದೆ. ಆ ಗುಳಿಗೆಯಲ್ಲಿರುವುದು ಲೆವೊಡೋಪಾ, 1960ರ ದಶಕದಿಂದ ಕೊಡುತ್ತಿರುವ ಔಷಧ, ಇವತ್ತಿಗೂ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಇನ್ನೊಂದಿಲ್ಲ. ಕೈಕಾಲು ಸಲೀಸಾಗಿ ಆಡಲು ಮೆದುಳಿಗೆ ಬೇಕಿರುವುದು ಡೋಪಮಿನ್ ಅನ್ನೋ ರಾಸಾಯನಿಕ, ಆದರೆ ರಕ್ತದಿಂದ ಮೆದುಳಿಗೆ ಹೋಗುವ ದಾರಿಯಲ್ಲಿ ಬಿಗಿ ಕಾವಲಿದೆ, ಡೋಪಮಿನ್ನನ್ನು ಅದು ಒಳಗೆ ಬಿಡುವುದಿಲ್ಲ. ಲೆವೊಡೋಪಾ ಅಮೈನೋ ಆಮ್ಲಗಳ ಬಾಗಿಲಿನಿಂದ ಒಳಗೆ ಹೋಗಿ, ಅಲ್ಲಿ ಡೋಪಮಿನ್ ಆಗುತ್ತದೆ. ಕಾಳು, ಮೊಸರಿನ ಪ್ರೋಟೀನ್ ಜೀರ್ಣವಾಗಿ ಬರುವುದೂ ಅದೇ ಬಾಗಿಲಿಗೆ. ನೂಕುನುಗ್ಗಲಿನಲ್ಲಿ ಗುಳಿಗೆ ಹಿಂದೆ ಬೀಳುತ್ತದೆ. ಊಟಕ್ಕೆ ಅರ್ಧ ಮುಕ್ಕಾಲು ತಾಸು ಮೊದಲೇ ಕೊಡಬಹುದಾ ಅಂತ ನಿಮ್ಮ ಡಾಕ್ಟರರನ್ನು ಕೇಳು. ನೀವೇ ಹೊತ್ತು ಬದಲಿಸಬೇಡಿ, ಗುಳಿಗೆಯನ್ನು ಒಮ್ಮೆಲೇ ಬಿಡಿಸುವುದಂತೂ ಬೇಡವೇ ಬೇಡ.

ನಿಮ್ಮ ಸೋದರಮಾವ ನಸುಗುನ್ನಿ ಬೀಜದ ಪುಡಿ ಕೊಡಿ ಅಂದದ್ದು ಸುಮ್ನೆ ಮಾತಲ್ಲ. 1937ರಲ್ಲೇ ನಮ್ಮ ದೇಶದ ದಾಮೋದರನ್ ಮತ್ತು ರಾಮಸ್ವಾಮಿ ಆ ಬೀಜದಿಂದ ಲೆವೊಡೋಪಾ ಬೇರ್ಪಡಿಸಿದ್ದರು. ಆದರೆ ಒಂದು ಚಮಚ ಪುಡಿಯಲ್ಲಿ ಎಷ್ಟಿದೆ ಅಂತ ಯಾರು ಅಳೆದಿದ್ದಾರೆ? ಈಗಿನ ಗುಳಿಗೆಯ ಮೇಲೆ ಅದನ್ನೂ ಕೊಟ್ಟರೆ ಔಷಧ ಹೆಚ್ಚಾಗಬಹುದು. ಡಾಕ್ಟರಿಗೆ ತೋರಿಸದೆ ಕೊಡಬೇಡಿ.

ಅಂಗಡಿಯ ಹಳೆಯ ಕಿರ್ದಿಗಳನ್ನು ನೀನು ತೋರಿಸಿದೆಯಲ್ಲ, ಅವು ನನ್ನ ಕಣ್ಣ ಮುಂದೆಯೇ ಇವೆ. ಡಬ್ಬಿ, ಕಡ್ಡಿ ಅಂತ ಮೆಣಸಿನಕಾಯಿ ಬಗೆಗಳನ್ನು ಗುಂಡಗೆ ಬರೆಯುತ್ತಿದ್ದ ಕಾಕಾ ಅವರ ಅಕ್ಷರ ವರ್ಷದಿಂದ ವರ್ಷಕ್ಕೆ ಕುಗ್ಗಿ, ಸಾಲಿನ ಕೊನೆಗೆ ಸಾಸಿವೆ ಕಾಳಿನಷ್ಟಾಗಿದೆ. ಕೈ ನಡುಗುವುದಕ್ಕೆ ಎಷ್ಟೋ ಮೊದಲಿನ ಪುಟಗಳು ಅವು. ಆಗಲೇ ಅವರಿಗೆ ಮೆಣಸಿನಕಾಯಿ ಘಾಟು ತಾಗಿ ಕೆಮ್ಮು ಬರುತ್ತಿತ್ತು, ಕಾಯಿಯ ವಾಸನೆ ಮಾತ್ರ ಗೊತ್ತಾಗುತ್ತಿರಲಿಲ್ಲ ಅಂತ ನೀನೇ ಅಂದೆ. ಎಷ್ಟೋ ಜನರಲ್ಲಿ ಈ ಕಾಯಿಲೆ ಮೊದಲು ವಾಸನೆಯನ್ನೇ ಕಸಿಯುತ್ತದೆ. ನಡುಕ ಕಾಣುವ ಹೊತ್ತಿಗೆ ಮೆದುಳಿನಲ್ಲಿ ಡೋಪಮಿನ್ ಮಾಡುವ ಕೋಶಗಳಲ್ಲಿ ಬಹಳಷ್ಟು ಸತ್ತಿರುತ್ತವೆ. ನಮ್ಮ ಔಷಧಗಳು ಸೋಲುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ, ನಾವು ತಡವಾಗಿ ಹೋಗುತ್ತೇವೆ. ಆ ಕಿರ್ದಿಗಳನ್ನು ರದ್ದಿಗೆ ಹಾಕಬೇಡ.

ಬರುವ ಭಾನುವಾರ ಮತ್ತೆ ಬರುತ್ತೇನೆ. ಕಾಕು ಮುಂದೆ ಕೂತು ನಾನೇ ಹೇಳುತ್ತೇನೆ, ಆ ತಾರೀಖು ತಪ್ಪು, ಕೆಲಸ ಮಾತ್ರ ಬಿಟ್ಟಿಲ್ಲ ಅಂತ. ನೀನು ಮೊದಲೇ ಹೇಳಬೇಡ. ಬರುವಾಗ ಗೆರೆ ಹಾಕಿದ ಒಂದು ಹೊಸ ಪುಸ್ತಕ ತರುತ್ತೇನೆ. ಗುಳಿಗೆ ತಗೊಂಡ ಹೊತ್ತು, ಉಂಡ ಹೊತ್ತು, ಕೈ ಬಿಗಿ ಬಿಟ್ಟ ಹೊತ್ತು, ಮತ್ತೆ ಬಿಗಿದ ಹೊತ್ತು, ಇಷ್ಟು ಬರೆದರೆ ಡಾಕ್ಟರಿಗೆ ಬಹಳ ಉಪಯೋಗ. ಕಾಕಾ ಅವರೇ ಬರೆಯಲಿ. ಗೆರೆ ಇದ್ದರೆ ಅಕ್ಷರ ಅಷ್ಟು ಕುಗ್ಗುವುದಿಲ್ಲ.

ನಿನ್ನ,
ಶಿವು