ಪಾಠ ಮುಗಿದ ಮೇಲೆ ಉಳಿಯುವ ಹೊತ್ತು

ಸ್ನೇಹಿತರೇ, ನಮಸ್ಕಾರ.

ಹೈಸ್ಕೂಲು ಮುಗಿಸುವ ಮಕ್ಕಳಿರುವ ಮನೆಗಳಲ್ಲಿ ಈಗ ಕಾಲೇಜಿನದೇ ಮಾತು. ಜಾರ್ಜಿಯಾ ಟೆಕ್ ಸಿಗುತ್ತಾ, ಎಮೊರಿ ಸಿಗುತ್ತಾ, ಅಥೆನ್ಸ್‌ನ ಜಾರ್ಜಿಯಾ ಯೂನಿವರ್ಸಿಟಿಗೆ ಕಳಿಸೋದಾ? ಕೂಟದ ಊಟದ ಸಾಲಿನಲ್ಲೂ ಇದೇ ಚರ್ಚೆ. ಆದರೆ ಅಟ್ಲಾಂಟಾದ ನಡುವೆಯೇ, ಡೌನ್‌ಟೌನಿನ ಪಶ್ಚಿಮಕ್ಕೆ, ಮೋರ್‌ಹೌಸ್, ಸ್ಪೆಲ್ಮನ್, ಕ್ಲಾರ್ಕ್ ಅಟ್ಲಾಂಟಾ ಮತ್ತು ಮೋರ್‌ಹೌಸ್ ಮೆಡಿಕಲ್ ಸ್ಕೂಲ್ ಅಕ್ಕಪಕ್ಕದಲ್ಲೇ ಇವೆ. ನಮ್ಮ ಮಾತಿನಲ್ಲಿ ಇವುಗಳ ಹೆಸರು ಬರುವುದೇ ಅಪರೂಪ. ಈ ಸಲದ ಸಂಪಾದಕೀಯ ಕಪ್ಪು ಜನರ ಓದಿಗೆಂದು ಹುಟ್ಟಿದ ಇಂಥ ಕಾಲೇಜುಗಳ ಬಗ್ಗೆ. ಅದರಲ್ಲೂ ಅಲ್ಲಿ ಪಾಠ ಮಾಡುವವರ ಬಗ್ಗೆ. ಅವರು ಸಂಶೋಧನೆ ಮಾಡಬೇಕಾದರೆ ಏನು ಬೇಕು, ಅದರಲ್ಲಿ ಯಾವುದು ಸಿಕ್ಕಿತು, ಯಾವುದು ಸಿಗಲಿಲ್ಲ ಅನ್ನುವುದರ ಬಗ್ಗೆ.

ಉನ್ನತ ಶಿಕ್ಷಣ ಕಾಯ್ದೆಯ ಪ್ರಕಾರ, ಕಪ್ಪು ಜನರ ಓದಿಗೆಂದು 1964ಕ್ಕೆ ಮೊದಲೇ ಶುರುವಾದ ಕಾಲೇಜುಗಳಿಗೆ ಎಚ್‌ಬಿಸಿಯು ಎಂದು ಹೆಸರು. ದೇಶದಲ್ಲಿ ಇಂಥವು ಸುಮಾರು ನೂರು ಇವೆ. ಪೆನ್ಸಿಲ್ವೇನಿಯಾದ ಚೇನಿ 1837ರಷ್ಟು ಹಳೆಯದು. ಹೆಚ್ಚಿನವು ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ ಹುಟ್ಟಿದವು. ಹೊವರ್ಡ್, ಮೋರ್‌ಹೌಸ್ ಎರಡೂ 1867ರವು; ಹೊವರ್ಡ್ ಇರುವುದು ರಾಜಧಾನಿ ವಾಷಿಂಗ್ಟನ್ನಿನಲ್ಲಿ. ಗುಲಾಮರಿಗೆ ಓದು ಕಲಿಸುವುದೇ ಅಪರಾಧ ಎಂಬ ಕಾನೂನು ಎಷ್ಟೋ ರಾಜ್ಯಗಳಲ್ಲಿ ಇತ್ತು. ಹಾಗಾಗಿ ಅಲ್ಲಿ ಎಲ್ಲಕ್ಕಿಂತ ಮೊದಲು ಬೇಕಾದದ್ದು ಅಕ್ಷರ ಕಲಿಸುವ ಮೇಷ್ಟ್ರುಗಳು. ಈ ಕಾಲೇಜುಗಳು ಆ ಕೆಲಸಕ್ಕೇ ಕಟ್ಟಿಕೊಂಡವು. ಸಂಶೋಧನೆ ಆಮೇಲೆ ಬಂತು. ಬಂದಾಗಲೂ ಪಾಠದ ಹೊರೆ ಇಳಿಯಲಿಲ್ಲ.

ಅರ್ನೆಸ್ಟ್ ಎವರೆಟ್ ಜಸ್ಟ್ ಅವರ ಬದುಕನ್ನೇ ನೋಡಿ. 1907ರಲ್ಲಿ ಡಾರ್ಟ್‌ಮತ್‌ನಲ್ಲಿ ಓದು ಮುಗಿಸಿ ಹೊವರ್ಡ್ ಸೇರಿದರು. ಮೊದಲು ಕಲಿಸಿದ್ದು ಇಂಗ್ಲಿಷು, ಆಮೇಲೆ ಜೀವಶಾಸ್ತ್ರ. ಸಮುದ್ರದ ಹುಳು ಮತ್ತು ಸಣ್ಣ ಪ್ರಾಣಿಗಳ ಮೊಟ್ಟೆಗಳಲ್ಲಿ ಗರ್ಭ ಕಟ್ಟುವುದು ಹೇಗೆ ಅನ್ನುವುದು ಅವರ ವಿಷಯ. ವರ್ಷವಿಡೀ ಪಾಠ, ಪರೀಕ್ಷೆ, ಉತ್ತರಪತ್ರಿಕೆ. ಬೇಸಿಗೆ ಬಂದ ಕೂಡಲೇ ಮ್ಯಾಸಚೂಸೆಟ್ಸ್‌ನ ವುಡ್ಸ್ ಹೋಲ್‌ನಲ್ಲಿರುವ ಸಮುದ್ರ ಜೀವಶಾಸ್ತ್ರ ಪ್ರಯೋಗಾಲಯಕ್ಕೆ ಓಟ. 1909ರಿಂದ ಶುರುವಾದ ಈ ಓಡಾಟ ಸುಮಾರು ಎರಡು ದಶಕ ನಡೆಯಿತು. 1916ರಲ್ಲಿ ಷಿಕಾಗೊದಿಂದ ಪಿಎಚ್‌ಡಿ ಬಂತು. ಜೀವಕೋಶದ ಬಗ್ಗೆ ಅವರು ಬರೆದದ್ದನ್ನು ಯುರೋಪಿನ ವಿಜ್ಞಾನಿಗಳು ಗೌರವದಿಂದ ಓದುತ್ತಿದ್ದರು. ಆದರೆ ದೊಡ್ಡ ಲ್ಯಾಬ್ ಇರುವ ಯಾವ ಬಿಳಿಯರ ವಿಶ್ವವಿದ್ಯಾಲಯವೂ ಅವರನ್ನು ಕೆಲಸಕ್ಕೆ ಕರೆಯಲಿಲ್ಲ. ಅಂಥ ಒಬ್ಬ ವಿಜ್ಞಾನಿಗೆ ವರ್ಷಕ್ಕೆ ಸಿಕ್ಕಿದ್ದು ಬರೀ ಒಂದು ಬೇಸಿಗೆ. ಉಳಿದ ತಿಂಗಳುಗಳೂ ಸಿಕ್ಕಿದ್ದರೆ ಅವರು ಇನ್ನೇನೆಲ್ಲ ಮಾಡುತ್ತಿದ್ದರೋ ಅಂತ ಹೊಟ್ಟೆ ಉರಿಯುತ್ತದೆ.

ಸಂಶೋಧನೆಯ ಶಕ್ತಿ ಅಂದರೆ ಬುದ್ಧಿವಂತರು ಇರುವುದು ಅಂತ ನಾವು ಅಂದುಕೊಳ್ಳುತ್ತೇವೆ. ಬುದ್ಧಿವಂತರು ಈ ಕಾಲೇಜುಗಳಲ್ಲಿ ಯಾವಾಗಲೂ ಇದ್ದರು. ಸಾಲದೇ ಹೋದದ್ದು ಹೊತ್ತು, ಉಪಕರಣ, ಮತ್ತು ವರ್ಷ ವರ್ಷ ನಿಲ್ಲದೆ ಬರುವ ದುಡ್ಡು. ಈ ಮೂರೂ ಕೂಡಿ ಬಂದ ಒಂದು ಸಂದರ್ಭ ನಮ್ಮೂರಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ ದೂರದಲ್ಲೇ ಇದೆ. ಅದು ಅಲಬಾಮಾದ ಟಸ್ಕೀಗಿ.

ಆ ಹೆಸರು ಕೇಳಿದರೆ ಹಲವರಿಗೆ ನೆನಪಾಗುವುದು 1932ರಿಂದ 1972ರವರೆಗೆ ಸರ್ಕಾರದ ಆರೋಗ್ಯ ಇಲಾಖೆ ಅಲ್ಲಿನ ಕಪ್ಪು ಗಂಡಸರ ಮೇಲೆ ನಡೆಸಿದ ಸಿಫಿಲಿಸ್ ಅಧ್ಯಯನ. ಔಷಧ ಇದ್ದೂ ಕೊಡದೆ ಸುಮ್ನೆ ನೋಡುತ್ತಾ ಕೂತ ಆ ಕ್ರೌರ್ಯವನ್ನು ಮರೆಯಬಾರದು. ಆದರೆ ಅದೇ ಊರಿನ ಕಾಲೇಜಿನಲ್ಲಿ, ಅದೇ ವರ್ಷಗಳಲ್ಲಿ ನಡೆದ ಇನ್ನೊಂದು ಕೆಲಸ ಯಾರ ಬಾಯಲ್ಲೂ ಬರುವುದಿಲ್ಲ.

1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಹೆಣ್ಣುಮಗಳ ಕ್ಯಾನ್ಸರ್ ಗಡ್ಡೆಯಿಂದ, ಅವರ ಒಪ್ಪಿಗೆ ಕೇಳದೆ, ಜೀವಕೋಶ ತೆಗೆದರು. ಅವರ ಹೆಸರಿನ ಮೊದಲಕ್ಷರಗಳಿಂದ ಆ ಕೋಶಗಳಿಗೆ ಹೀಲಾ ಎಂದು ಹೆಸರಾಯಿತು. ಲ್ಯಾಬಿನಲ್ಲಿ ಅವು ಸಾಯದೆ ಬೆಳೆಯುತ್ತಲೇ ಹೋದವು. ಪೋಲಿಯೋ ವೈರಸ್ಸು ಅವುಗಳಿಗೆ ಸುಲಭವಾಗಿ ಅಂಟುತ್ತದೆ. ಪೋಲಿಯೋ ತಡೆಯುವ ಸಾಲ್ಕ್ ಲಸಿಕೆಯ ದೊಡ್ಡ ಪರೀಕ್ಷೆ 1954ರಲ್ಲಿ ನಡೆಯಿತು. ಲಸಿಕೆ ಹಾಕಿಸಿಕೊಂಡ ಮಗುವಿನ ರಕ್ತದಲ್ಲಿ ಪ್ರತಿರೋಧ ಹುಟ್ಟಿದೆಯೋ ಇಲ್ಲವೋ ಅಂತ ನೋಡಬೇಕಲ್ಲ. ಅದಕ್ಕೆ ಈ ಕೋಶಗಳು ರಾಶಿ ರಾಶಿ ಬೇಕಾದವು. ಅವನ್ನು ಬೆಳೆಸಿ ದೇಶದ ಲ್ಯಾಬುಗಳಿಗೆ ಕಳಿಸುವ ಕೆಲಸ ಟಸ್ಕೀಗಿಗೆ ಬಂತು.

ಇಲ್ಲಿ ಗಮನಿಸಬೇಕಾದದ್ದು ಕೆಲಸ ಶುರುವಾದ ರೀತಿ. ಅಲ್ಲಿನ ಇಬ್ಬರು ವಿಜ್ಞಾನಿಗಳು, ರಸೆಲ್ ಬ್ರೌನ್ ಮತ್ತು ಜೇಮ್ಸ್ ಹೆಂಡರ್ಸನ್, ಮೊದಲು ಮಿನ್ನೆಸೋಟಾ ವಿಶ್ವವಿದ್ಯಾಲಯಕ್ಕೆ ಹೋಗಿ ಜೀವಕೋಶ ಬೆಳೆಸುವ ಕೈಕೆಲಸ ಕಲಿತರು. ವಾಪಸ್ ಬಂದು ತಮ್ಮವರಿಗೆ ಕಲಿಸಿದರು. ಪೋಲಿಯೋ ಫೌಂಡೇಶನ್ನಿನ ದುಡ್ಡಿನಿಂದ ಲ್ಯಾಬ್ ಎದ್ದಿತು. ಗಾಜಿನ ಕೊಳವೆಗಳನ್ನು ತೊಳೆಯುವವರು, ಆಹಾರದ್ರವ ಬೆರೆಸುವವರು, ಸೂಕ್ಷ್ಮದರ್ಶಕದಲ್ಲಿ ಕೋಶ ಎಣಿಸುವವರು, ಎಲ್ಲರೂ ಅಲ್ಲೇ ತಯಾರಾದರು. ಬಿಸಿ ಜಾಸ್ತಿಯಾದರೆ ಕೋಶ ಸಾಯುತ್ತದೆ. ತಂಪು ಜಾಸ್ತಿಯಾದರೂ ಕೆಡುತ್ತದೆ. ಅಲಬಾಮಾದ ಬೇಸಿಗೆಯನ್ನೂ ದಾಟಿ ಜೀವಂತ ತಲುಪುವ ಹಾಗೆ ಪೆಟ್ಟಿಗೆ ಕಟ್ಟುವುದನ್ನೂ ಅವರೇ ಪರೀಕ್ಷೆ ಮಾಡಿ ಕಂಡುಕೊಂಡರು. ಕೆಲಸ ಜೋರಾಗಿದ್ದಾಗ ವಾರಕ್ಕೆ ಸುಮಾರು 20,000 ಕೊಳವೆ ತಯಾರಾಗುತ್ತಿದ್ದವು. 1955ರಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಕಳಿಸಿದ್ದು ಸುಮಾರು 6 ಲಕ್ಷ. ನಮ್ಮೂರುಗಳಲ್ಲಿ ಪೋಲಿಯೋದಿಂದ ಕಾಲು ಸೋತ ಗೆಳೆಯರ ಜೊತೆ ಶಾಲೆಗೆ ಹೋದವರು ನಮ್ಮಲ್ಲಿ ಎಷ್ಟೋ ಜನ ಇದ್ದೇವೆ. ಆ ಕಾಯಿಲೆಯ ಬೆನ್ನು ಮುರಿದ ಕೈಗಳಲ್ಲಿ ಟಸ್ಕೀಗಿಯವರ ಕೈಯೂ ಇದೆ ಅನ್ನುವುದು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಅಧ್ಯಾಪಕರ ತರಬೇತಿ ಅಂದರೆ ಇದೇ. ಹೋಟೆಲಿನ ಹಾಲಿನಲ್ಲಿ ಒಂದು ದಿನ ಸ್ಲೈಡ್ ತೋರಿಸಿ ಸರ್ಟಿಫಿಕೇಟ್ ಕೊಡುವುದಲ್ಲ. ಕಲಿತದ್ದನ್ನು ತಂದು ಬಳಸೋಕೆ ಊರಲ್ಲಿ ಲ್ಯಾಬು ಕಾದಿರಬೇಕು. ನ್ಯಾಶ್‌ವಿಲ್ಲಿನ ಫಿಸ್ಕ್ ವಿಶ್ವವಿದ್ಯಾಲಯದಲ್ಲೂ ಇಂಥದ್ದೇ ನಡೆಯಿತು. ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಪಡೆದ ಮೊದಲ ಕಪ್ಪು ಅಮೆರಿಕನ್ ಸೇಂಟ್ ಎಲ್ಮೊ ಬ್ರೇಡಿ. 1916ರಲ್ಲಿ ಇಲಿನಾಯ್‌ನಿಂದ ಡಿಗ್ರಿ ತಂದು, ಟಸ್ಕೀಗಿ, ಹೊವರ್ಡ್, ಫಿಸ್ಕ್ ಎಲ್ಲ ಕಡೆ ವಿಭಾಗ ಕಟ್ಟಿದರು. ನಿವೃತ್ತಿಯ ಮೇಲೂ ಸುಮ್ಮನೆ ಕೂರದೆ ಮಿಸ್ಸಿಸಿಪ್ಪಿಯ ಟೂಗಲೂ ಕಾಲೇಜಿಗೆ ಹೋಗಿ ಅಲ್ಲೂ ಕಟ್ಟಿದರು. ಫಿಸ್ಕ್‌ನಲ್ಲಿ ಇಲಿನಾಯ್‌ನವರ ಜೊತೆ ಸೇರಿ ಅವರು ಶುರುಮಾಡಿದ ಇನ್‌ಫ್ರಾರೆಡ್ ಸ್ಪೆಕ್ಟ್ರೋಸ್ಕೋಪಿಯ (ಕಣ್ಣಿಗೆ ಕಾಣದ ಬೆಳಕು ಹಾಯಿಸಿ ವಸ್ತುವಿನ ಅಣುಗಳನ್ನು ಗುರುತಿಸುವ ವಿಧಾನ) ಬೇಸಿಗೆ ತರಬೇತಿಗೆ ಬೇರೆ ಬೇರೆ ಕಾಲೇಜುಗಳ ಅಧ್ಯಾಪಕರು ಬಂದು ಕಲಿಯಬಹುದಿತ್ತು. ಸೌಕರ್ಯ ಕಡಿಮೆ ಇದ್ದ ಕಾಲೇಜೇ ಹತ್ತು ಕಾಲೇಜಿಗೆ ಮೇಷ್ಟ್ರಾಯಿತು.

ಇವತ್ತಿನ ಸ್ಥಿತಿ ಏನು? ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನದ ಪ್ರೊಫೆಸರ್ ಒಬ್ಬರು ಸೆಮಿಸ್ಟರಿಗೆ ಒಂದೋ ಎರಡೋ ಕೋರ್ಸ್ ತೆಗೆದುಕೊಳ್ಳುತ್ತಾರೆ. ಎಷ್ಟೋ ಎಚ್‌ಬಿಸಿಯುಗಳಲ್ಲಿ ನಾಲ್ಕು. ಅದರ ಮೇಲೆ ವಿದ್ಯಾರ್ಥಿಗಳ ಸಲಹೆ, ಕಮಿಟಿ, ಮನೆ ಕಷ್ಟ ಹೇಳಿಕೊಂಡು ಬರುವ ಮಕ್ಕಳು. ರಾತ್ರಿ ಹತ್ತಕ್ಕೆ ಕೂತು ಗ್ರಾಂಟ್ ಅರ್ಜಿ ಬರೆಯಬೇಕು. ದೊಡ್ಡ ಕಡೆ ಆ ಅರ್ಜಿಯ ಬಜೆಟ್ ಹಾಕಿ, ನಿಯಮ ನೋಡಿ, ಕಳಿಸಿಕೊಡೋಕೆ ಒಂದು ಆಫೀಸು ತುಂಬ ಜನ ಇರುತ್ತಾರೆ. ಸಣ್ಣ ಕಾಲೇಜಿನಲ್ಲಿ ಒಬ್ಬರೋ ಇಬ್ಬರೋ. ಮೆಷಿನ್ ಕೊಡುವವರು ಹೇಗೋ ಸಿಗುತ್ತಾರೆ. ಅದನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಟೆಕ್ನಿಷಿಯನ್‌ಗೆ ಸಂಬಳ ಕೊಡುವವರು ಸಿಗುವುದಿಲ್ಲ. ಇಷ್ಟೆಲ್ಲ ದಾಟಿ ಅರ್ಜಿ ಹೋದರೂ ತಕ್ಕಡಿ ಸಮ ಇರುವುದಿಲ್ಲ. 2011ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಓದು, ಅನುಭವ, ಪ್ರಕಟಣೆ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಎನ್‌ಐಎಚ್‌ನ ಮುಖ್ಯ ಗ್ರಾಂಟ್ ಸಿಗುವ ಸಾಧ್ಯತೆ ಕಪ್ಪು ವಿಜ್ಞಾನಿಗಳಿಗೆ ಬಿಳಿಯರಿಗಿಂತ ಶೇಕಡಾ 10ರಷ್ಟು ಅಂಶ ಕಡಿಮೆ ಇತ್ತು.

ಹಾಗಂತ ಏನೂ ಆಗಿಲ್ಲ ಅಂತಲ್ಲ. ಎನ್‌ಐಎಚ್ 1980ರ ದಶಕದಿಂದ ಇಂಥ ಸಂಸ್ಥೆಗಳಲ್ಲಿ ಸಂಶೋಧನಾ ಕೇಂದ್ರ ಕಟ್ಟಲು ಹಣ ಕೊಡುತ್ತಾ ಬಂದಿದೆ. ಉಳಿದ ವಿಜ್ಞಾನಗಳಿಗೆ ಹಣ ಕೊಡುವ ಕೇಂದ್ರದ ಸಂಸ್ಥೆ ಎನ್‌ಎಸ್‌ಎಫ್‌ಗೂ ಈ ಕಾಲೇಜುಗಳಿಗೆಂದೇ ಯೋಜನೆಗಳಿವೆ. 2025ರ ಫೆಬ್ರವರಿಯಲ್ಲಿ ಹೊವರ್ಡ್ ವಿಶ್ವವಿದ್ಯಾಲಯ ಅತಿ ಹೆಚ್ಚು ಸಂಶೋಧನೆ ನಡೆಸುವ ವಿಶ್ವವಿದ್ಯಾಲಯಗಳ ಆರ್-ಒನ್ ಪಟ್ಟಿ ಸೇರಿತು. ವರ್ಷಕ್ಕೆ 5 ಕೋಟಿ ಡಾಲರ್ ಸಂಶೋಧನಾ ಖರ್ಚು ಮತ್ತು 70 ಪಿಎಚ್‌ಡಿ, ಇಷ್ಟಾದರೆ ಆ ಪಟ್ಟಿಗೆ ಸೇರಬಹುದು. ಹೊವರ್ಡ್ ಎರಡನ್ನೂ ಆರಾಮಾಗಿ ದಾಟಿತು. ಆ ಪಟ್ಟಿಯಲ್ಲಿದ್ದ 187 ಸಂಸ್ಥೆಗಳಲ್ಲಿ ಎಚ್‌ಬಿಸಿಯು ಅದೊಂದೇ. ನನಗೆ ಖುಷಿಯೂ ಆಯಿತು, ಆ ಒಂದು ಎಂಬ ಸಂಖ್ಯೆ ನೋಡಿ ಬೇಜಾರೂ ಆಯಿತು.

ದುಡ್ಡಿನ ವಿಷಯ ನಮ್ಮ ಜಾರ್ಜಿಯಾದಿಂದಲೇ ಹೇಳುತ್ತೇನೆ. 1890ರ ಮೊರಿಲ್ ಕಾಯ್ದೆ ಹೇಳಿದ್ದು ಇಷ್ಟು: ಕೃಷಿ ಕಾಲೇಜಿಗೆ ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿ, ಇಲ್ಲವೇ ಅವರಿಗೆ ಬೇರೆ ಕಾಲೇಜು ಮಾಡಿ ಹಣ ನ್ಯಾಯವಾಗಿ ಹಂಚಿ. ದಕ್ಷಿಣದ ರಾಜ್ಯಗಳು ಬೇರೆ ಕಾಲೇಜು ಮಾಡಿದವು. ಹಂಚುವುದನ್ನು ಮಾತ್ರ ಮರೆತವು. 2023ರ ಸೆಪ್ಟೆಂಬರಿನಲ್ಲಿ ಕೇಂದ್ರದ ಶಿಕ್ಷಣ ಮತ್ತು ಕೃಷಿ ಕಾರ್ಯದರ್ಶಿಗಳು 16 ರಾಜ್ಯಗಳ ಗವರ್ನರ್‌ಗಳಿಗೆ ಪತ್ರ ಬರೆದರು. ಮೂರು ದಶಕಗಳಲ್ಲಿ ಈ ಕಾಲೇಜುಗಳಿಗೆ ಬರಬೇಕಾಗಿದ್ದು ಬಾರದೆ ಹೋದ ಹಣ ಒಟ್ಟು 1,200 ಕೋಟಿ ಡಾಲರ್‌ಗೂ ಜಾಸ್ತಿ ಎಂದು ಲೆಕ್ಕ ಕೊಟ್ಟರು. ಅದರಲ್ಲಿ ಜಾರ್ಜಿಯಾದ ಫೋರ್ಟ್ ವ್ಯಾಲಿ ಸ್ಟೇಟ್‌ಗೆ ತಪ್ಪಿದ್ದು ಸುಮಾರು 60 ಕೋಟಿ ಡಾಲರ್.

ಫೋರ್ಟ್ ವ್ಯಾಲಿ ಇಲ್ಲಿಂದ ದಕ್ಷಿಣಕ್ಕೆ, ಮೇಕನ್ ದಾಟಿದರೆ ಸಿಗುತ್ತದೆ. ಅಲ್ಲಿ ಕುರಿ, ಮೇಕೆಗಳ ಸಂಶೋಧನಾ ಕೇಂದ್ರ ಇದೆ. ಮೇಕೆಯ ಹೊಟ್ಟೆಯಲ್ಲಿ ರಕ್ತ ಹೀರುವ ಒಂದು ಹುಳು ಸೇರುತ್ತದೆ. ಔಷಧ ಕೊಟ್ಟು ಕೊಟ್ಟು ಆ ಹುಳು ಯಾವ ಔಷಧಕ್ಕೂ ಬಗ್ಗದ ಹಾಗಾಗಿದೆ. ಈ ದಕ್ಷಿಣದ ಬಯಲುಗಳಲ್ಲಿ ಜನ ಕಳೆ ಎಂದು ಬೈಯುವ ಸೆರೀಸಿಯಾ ಎಂಬ ಗಿಡವನ್ನು ಮೇಯಿಸಿದರೆ ಹುಳು ಕಡಿಮೆಯಾಗುತ್ತದೆ ಎಂದು ತೋರಿಸಿದವರಲ್ಲಿ ಅಲ್ಲಿನ ವಿಜ್ಞಾನಿಗಳು ಮುಖ್ಯರು. ಮೇಕೆಯ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ, ಕೆಂಪಗಿದ್ದರೆ ಬಿಡು, ಬಿಳಿಚಿದ್ದರೆ ಮಾತ್ರ ಔಷಧ ಕೊಡು ಅನ್ನುವ ಪದ್ಧತಿಯನ್ನು ಸಣ್ಣ ರೈತರಿಗೆ ಕಲಿಸುವ ಕೆಲಸದಲ್ಲೂ ಅವರಿದ್ದಾರೆ. ಶಿರಾ, ಪಾವಗಡದ ಕಡೆಯಿಂದ ಬಂದವರಿಗೆ ಈ ಕೆಲಸದ ಬೆಲೆ ನಾನು ಹೇಳಬೇಕಾಗಿಲ್ಲ, ಅಲ್ವಾ? ಕೈಗೆ ಸಿಕ್ಕ ಅಷ್ಟರಲ್ಲಿ ಇಷ್ಟು ಮಾಡಿದ್ದಾರೆ.

ನಮಗೂ ಇವರಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ನಾನು ಮೈಸೂರಿನಿಂದ ಶುರು ಮಾಡುತ್ತೇನೆ. 1937ರ ಜನವರಿಯಲ್ಲಿ ಅಲ್ಲಿ ವೈಎಂಸಿಎ ವಿಶ್ವ ಸಮ್ಮೇಳನ ನಡೆಯಿತು. ಹೊವರ್ಡ್‌ನಲ್ಲಿ ಡೀನ್ ಆಗಿದ್ದ ಬೆಂಜಮಿನ್ ಮೇಸ್ ಬಂದಿದ್ದರು. ಆ ಪ್ರವಾಸದಲ್ಲೇ ಅವರು ಗಾಂಧೀಜಿಯನ್ನು ಕಂಡು ಮಾತಾಡಿದರು. ಅಸ್ಪೃಶ್ಯರೆನಿಸಿಕೊಂಡ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು ಕರೆಸಿ, ಇವರೂ ಅಮೆರಿಕದ ಅಸ್ಪೃಶ್ಯರೇ, ಆದರೂ ಇಷ್ಟು ಎತ್ತರಕ್ಕೆ ಬಂದಿದ್ದಾರೆ ಎಂದು ಮಕ್ಕಳಿಗೆ ಪರಿಚಯ ಮಾಡಿಕೊಟ್ಟರು. ಮೇಸ್ ಅವರಿಗೆ ಮೊದಲು ಕಸಿವಿಸಿಯಾಯಿತು. ಯೋಚಿಸಿದಾಗ ಆ ಮಾತು ನಿಜ ಅನ್ನಿಸಿತು. ಮುಂದೆ 1940ರಿಂದ 1967ರವರೆಗೆ ಅವರು ಮೋರ್‌ಹೌಸ್‌ನ ಅಧ್ಯಕ್ಷರಾಗಿದ್ದರು. ಅಧ್ಯಾಪಕರಲ್ಲಿ ಪಿಎಚ್‌ಡಿ ಪಡೆದವರ ಸಂಖ್ಯೆ ಹೆಚ್ಚಿಸಲು ಹಟ ಹಿಡಿದು ದುಡಿದರು. 1948ರಲ್ಲಿ ಅಲ್ಲಿಂದ ಓದಿ ಹೊರಬಂದವರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಒಬ್ಬರು.

ಇನ್ನೊಂದು ನಂಟು ನಮ್ಮ ವೀಸಾದ್ದು. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋದಲ್ಲಿ ಬಿಳಿಯರಿಗೆ ಮಾತ್ರ ಬಡಿಸುತ್ತಿದ್ದ ಊಟದ ಕೌಂಟರಿನ ಮುಂದೆ ಕೂತು ಏಳದೇ ಇದ್ದ ನಾಲ್ವರು ಹುಡುಗರು ನಾರ್ತ್ ಕೆರೊಲಿನಾ ಎ ಆಂಡ್ ಟಿ ಎಂಬ ಎಚ್‌ಬಿಸಿಯುವಿನ ವಿದ್ಯಾರ್ಥಿಗಳು. ಅಂಥವರು ನಡೆಸಿದ ಚಳವಳಿಯ ಬಿಸಿಯಲ್ಲೇ 1965ರ ವಲಸೆ ಕಾಯ್ದೆ ಬಂತು. ಹುಟ್ಟಿದ ದೇಶ ನೋಡಿ ಬಾಗಿಲು ಹಾಕುವ ಹಳೆಯ ಕೋಟಾ ಹೋಯಿತು. ನಮ್ಮಲ್ಲಿ ಹೆಚ್ಚಿನವರು ಇಲ್ಲಿಗೆ ಬಂದದ್ದು ಆ ಬಾಗಿಲಿನಿಂದ.

ಹಾಗಾಗಿ ಓದುಗರಲ್ಲಿ ಕೆಲವು ಕೋರಿಕೆ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡುವ ಸದಸ್ಯರೇ, ಗ್ರಾಂಟ್ ಬರೆಯುವಾಗ ಎಚ್‌ಬಿಸಿಯು ಒಂದನ್ನು ಹೆಸರಿಗೆ ಮಾತ್ರ ಪಾರ್ಟ್ನರ್ ಮಾಡಿ ಚೂರು ದುಡ್ಡು ಕೊಟ್ಟು ಮುಗಿಸಬೇಡಿ. ಮುಖ್ಯ ಸಂಶೋಧಕರು ಅಲ್ಲಿಯವರೇ ಆಗಿರಲಿ, ಉಪಕರಣ ಅಲ್ಲೇ ಉಳಿಯಲಿ, ಅವರ ಪಾಠದ ಹೊರೆ ಇಳಿಸುವ ಹಣವೂ ಬಜೆಟ್‌ನಲ್ಲಿರಲಿ. ಕಂಪನಿಗಳಲ್ಲಿ ಇರುವವರು ಮ್ಯಾಚಿಂಗ್ ದೇಣಿಗೆಯ ಪಟ್ಟಿಯಲ್ಲಿ ಈ ಕಾಲೇಜುಗಳ ಹೆಸರು ಹುಡುಕಿ ನೋಡಿ. ಓಟು ಹಾಕುವವರು ಜನವರಿಯಲ್ಲಿ ಜಾರ್ಜಿಯಾ ಶಾಸನಸಭೆ ಸೇರಿದಾಗ ನಿಮ್ಮ ಪ್ರತಿನಿಧಿಗೆ ಫೋನ್ ಮಾಡಿ, ಫೋರ್ಟ್ ವ್ಯಾಲಿಯ ಬಾಕಿ ಏನಾಯಿತು ಎಂದು ಕೇಳಿ.

ಎಚ್‌ಬಿಸಿಯುಗಳಲ್ಲಿ ಪಾಠ ಮಾಡುವ ಕನ್ನಡಿಗರು ನಮ್ಮ ಸುತ್ತಮುತ್ತ ಇದ್ದರೆ ಮುಂದಿನ ಸಂಚಿಕೆಗೆ ಬರೆಯಿರಿ. ನಿಮ್ಮ ಲ್ಯಾಬಿನಲ್ಲಿ ಏನು ನಡೆಯುತ್ತಿದೆ, ವಾರಕ್ಕೆ ಎಷ್ಟು ಗಂಟೆ ಅದಕ್ಕೆ ಸಿಗುತ್ತದೆ, ಯಾವ ನೆರವು ನಿಜವಾಗಿ ಕೈ ಹಿಡಿಯಿತು ಅನ್ನುವುದನ್ನು ತಿಳಿಸಿ. ಎರಡು ಪುಟ ಸಾಕು. ಟೈಪ್ ಮಾಡೋಕೆ ಪುರುಸೊತ್ತು ಇಲ್ಲದಿದ್ದರೆ ಕೈಯಲ್ಲಿ ಬರೆದು ಫೋಟೋ ಕಳಿಸಿ, ಟೈಪ್ ಮಾಡುವ ಕೆಲಸ ನಮ್ಮದು.