ಹಳೆಯ ಪೋರ್ಷೆ 911 ಕಾರಿನ ಹಿಂಬದಿ ಶಾಕ್: ಹೆಸರು ಬೇಡವೆಂದ ಹಿರಿಯರಿಗೆ ವಂದನೆ

ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್‌ನಂತೆ ಕೆಲಸ ಮಾಡುವ ಉಕ್ಕಿನ ಸಲಾಕೆ) ಕಾಲದ ಪೋರ್ಷೆ 911ಕ್ಕೆ ಹಾಕಿದ ಕೋನಿ ಕಂಪನಿಯ ಹಿಂಬದಿ ಶಾಕ್‌ಗಳನ್ನು (ಶಾಕ್ ಅಬ್ಸಾರ್ಬರ್), ಒಳಗಿನಿಂದ ಹೊಂದಿಸುವ ಮಾದರಿಯವನ್ನು, ಬಿಗಿ ಮಾಡುವ ಬಗೆ ತಿಳಿಸಿಕೊಟ್ಟಿರಿ. ನಮ್ಮೆಲ್ಲರ ಮನಸಾರೆ ಧನ್ಯವಾದ ಸರ್.

ದೊಡ್ಡ ಉಪಕಾರವೆಂದರೆ ನಿಮ್ಮ ಮೊದಲ ಎಚ್ಚರಿಕೆ: ಕೆಳಗಿನ ಬೋಲ್ಟ್ ಬಿಚ್ಚುವ ಮುನ್ನ ಹಿಂಚಕ್ರವನ್ನು ಹಿಡಿದಿರುವ ಟ್ರೇಲಿಂಗ್ ಆರ್ಮ್‌ಗೆ ಜಾಕ್ ಕೊಡಬೇಕು. ಆರ್ಮ್ ಕೆಳಗಿಳಿಯದಂತೆ ಹಿಡಿದಿರುವುದೇ ಶಾಕ್. ಆಧಾರವಿಲ್ಲದಿದ್ದರೆ ಆರ್ಮ್ ಥಟ್ಟನೆ ಬೀಳುತ್ತದೆ. ಮೇಲಿನ ನಟ್ ಎಂಜಿನ್ ಕೋಣೆಯಲ್ಲಿ ಸಿಗುತ್ತದೆ.

ಹೊರತೆಗೆದ ಶಾಕನ್ನು ವೈಸ್‌ನಲ್ಲಿ ನೆಟ್ಟಗೆ ಹಿಡಿದು, ಬಂಪ್ ಸ್ಟಾಪ್ (ರಾಡಿನ ಮೇಲಿನ ತಡೆತುಂಡು) ತೆಗೆದು, ರಾಡನ್ನು ಪೂರ್ತಿ ಒತ್ತುತ್ತ ಮೆಲ್ಲನೆ ಎಡಕ್ಕೆ ತಿರುಗಿಸಿದರೆ ಒಳಗಿನ ಹಲ್ಲು ಕಚ್ಚಿಕೊಳ್ಳುತ್ತದೆ. ಎಡದ ಕೊನೆಯೇ ಅತಿ ಮೃದು. ಅಲ್ಲಿಂದ ಬಲಕ್ಕೆ ಅರ್ಧರ್ಧ ಸುತ್ತು ಎಣಿಸಬೇಕು, ಕಾರಿನ ಎರಡೂ ಬದಿಯ ಶಾಕ್‌ಗೆ ಒಂದೇ ಲೆಕ್ಕ. ಆಮೇಲೆ ತಿರುಗಿಸದೆ ನೇರವಾಗಿ ಒಂದು ಸೆಂ.ಮೀ. ಮೇಲೆಳೆಯಬೇಕು, ತಿರುಚಿದರೆ ಲೆಕ್ಕ ಕೆಡುತ್ತದೆ.

ಬದಲಾಗುವುದು ರೀಬೌಂಡ್ (ಶಾಕ್ ಮತ್ತೆ ಹಿಗ್ಗುವಾಗಿನ ತಡೆ) ಮಾತ್ರ ಎಂದು ಒತ್ತಿ ಹೇಳಿದ್ದು ಬಹಳ ಒಳ್ಳೆಯದಾಯಿತು. ಅತಿ ಬಿಗಿಯಾದರೆ ಸಾಲು ಉಬ್ಬುಗಳಲ್ಲಿ ಚಕ್ರ ಸಕಾಲಕ್ಕೆ ಕೆಳಗಿಳಿಯದೆ ಹಿಡಿತ ತಪ್ಪುತ್ತದೆ. ಮೃದುವಿನಿಂದಲೇ ಶುರು ಮಾಡಬೇಕೆಂಬ ನಿಮ್ಮ ಸಲಹೆ ನೂರಕ್ಕೆ ನೂರು ಸರಿ. ಕೆಳಗಿನ ಬೋಲ್ಟಿನ ಕೊನೆಯ ಬಿಗಿತ, ಕಾರಿನ ಭಾರ ಚಕ್ರದ ಮೇಲೆ ಕೂತಾಗಲೇ. ಇಲ್ಲವಾದರೆ ಬೋಲ್ಟಿನ ಸುತ್ತಲಿನ ರಬ್ಬರ್ ಬುಶ್ ತಿರುಚಿಕೊಂಡು ಬೇಗ ಹರಿಯುತ್ತದೆ.