ಲಾರ್ವದ ಅಳತೆ ಹೇಳುವುದು ತಳಿಯನ್ನೋ, ನೀರನ್ನೋ?

ಮಾನ್ಯ ಸಂಪಾದಕರೇ,

ಲಾಬ್‌ಸ್ಟರ್‌ಗಳ ಲಾರ್ವಗಳನ್ನು, ಅಂದರೆ ಮೊಟ್ಟೆಯೊಡೆದು ಬಂದ ಎಳೆಯ ಮರಿಗಳನ್ನು, ಸೂಕ್ಷ್ಮದರ್ಶಕದಡಿ ಅಳೆದು ಅವು ಯಾವ ಪ್ರದೇಶದ ಸಂತತಿಯೆಂದು ಗುರುತಿಸಬಹುದು ಎಂಬ ಕಿರುಬರಹವೊಂದು ತಮ್ಮ ವಿಜ್ಞಾನ ಪುಟದಲ್ಲಿ ಈಚೆಗೆ ಬಂದಿತ್ತು. ಘಟ್ಟದ ಮೇಲಿನ ಸಾಗರ ಪಟ್ಟಣದಲ್ಲಿ ಕುಳಿತವನಿಗೆ ಕಡಲಿನ ಲಾಬ್‌ಸ್ಟರ್‌ನ ಉಸಾಬರಿ ಏಕೆ ಎನ್ನುವವರಿರಬಹುದು. ಮಳೆಗಾಲದಲ್ಲಿ ಗದ್ದೆಯಂಚಿನಲ್ಲಿ ಹಿಡಿಯುವ ಏಡಿಯೇ ನಮಗೆ ಗೊತ್ತಿರುವ ಅದರ ನೆಂಟ. ಆದರೆ ಬಹುಕಾಲ ಪದವಿ ತರಗತಿಗಳಿಗೆ ಪ್ರಾಣಿಶಾಸ್ತ್ರ ಕಲಿಸಿದ ನನಗೆ, ಆ ಬರಹದ ‘ಗುರುತಿಸಬಹುದು’ ಎಂಬ ಮಾತು ತನ್ನ ಷರತ್ತುಗಳನ್ನೆಲ್ಲ ಮನೆಯಲ್ಲೇ ಬಿಟ್ಟು ಬಂದಂತೆ ಕಂಡಿತು.

ಈ ಪ್ರಯತ್ನ ಹುಟ್ಟಿದ್ದು ನಿಜವಾದ ಅಗತ್ಯದಿಂದ. ಕೆನಡಾದ ಲ್ಯಾಬ್ರಡಾರ್‌ನಿಂದ ಅಮೆರಿಕದ ಉತ್ತರ ಕ್ಯಾರೊಲಿನಾವರೆಗಿನ ಅಟ್ಲಾಂಟಿಕ್ ಕರಾವಳಿಯಲ್ಲಿ ಸಿಗುವ ಅಮೆರಿಕನ್ ಲಾಬ್‌ಸ್ಟರ್‌ನ ಮರಿ ಮೊಟ್ಟೆಯೊಡೆದು ಬಂದಾಗ ಸುಮಾರು 8 ಮಿಲಿಮೀಟರ್ ಉದ್ದವಿರುತ್ತದೆ. ಮೂರು ಹಂತಗಳಲ್ಲಿ ಪೊರೆ ಕಳಚುತ್ತ ಅದು ನೀರಿನಲ್ಲಿ ತೇಲುತ್ತಲೇ ಇರುತ್ತದೆ. ನಾಲ್ಕನೆಯ ಹಂತದಲ್ಲಷ್ಟೇ ತಾಯಿಯ ಪುಟ್ಟ ಪ್ರತಿರೂಪವಾಗಿ ತಳ ಹುಡುಕುತ್ತದೆ. ಬೆಚ್ಚನೆಯ ನೀರಿನಲ್ಲಿ ಇದಕ್ಕೆ ಎರಡು ಮೂರು ವಾರ ಸಾಕು, ತಣ್ಣೀರಿನಲ್ಲಿ ಎರಡು ತಿಂಗಳೂ ಹಿಡಿಯಬಹುದು, ಅಷ್ಟರಲ್ಲಿ ಪ್ರವಾಹ ಅದನ್ನು ಎಲ್ಲಿಂದ ಎಲ್ಲಿಗೋ ಒಯ್ದಿರುತ್ತದೆ. ಕೆನಡಾ ತನ್ನ ಕರಾವಳಿಯನ್ನು ಹತ್ತಾರು ಲಾಬ್‌ಸ್ಟರ್ ವಲಯಗಳಾಗಿ ವಿಂಗಡಿಸಿ ಒಂದೊಂದಕ್ಕೂ ಹಿಡಿಯುವ ಋತು ಮತ್ತು ಕನಿಷ್ಠ ಗಾತ್ರವನ್ನು ನಿಗದಿ ಮಾಡುತ್ತದೆ. ಒಂದು ವಲಯದ ಮರಿಗಳು ಇನ್ನೊಂದು ವಲಯದ ಬಲೆ ತುಂಬಿಸುತ್ತಿವೆಯೇ ಎಂಬುದು ಗೊತ್ತಿಲ್ಲದಿದ್ದರೆ ಆ ಗೆರೆಗಳಿಗೆ ಅರ್ಥ ಕಡಿಮೆ, ಮತ್ತು ಎಂಟು ಮಿಲಿಮೀಟರಿನ ಜೀವಿಗೆ ಚೀಟಿ ಕಟ್ಟಿ ಬಿಡಲು ಬರುವುದಿಲ್ಲ. ಹೀಗಾಗಿ ಬೆನ್ನಚಿಪ್ಪಿನ ಉದ್ದ, ಮುಂದಲೆಯ ಮುಳ್ಳಿನ ಉದ್ದ, ಹೊಟ್ಟೆಯ ಖಂಡಗಳ ಅಳತೆ ಇವನ್ನೆಲ್ಲ ಒಟ್ಟಿಗೆ ಲೆಕ್ಕಕ್ಕೆ ಹಾಕಿ ಪ್ರದೇಶ ಪ್ರದೇಶಗಳ ನಡುವೆ ಗೆರೆ ಕಾಣುತ್ತದೆಯೇ ಎಂದು ಸಂಶೋಧಕರು ನೋಡಿದರು. ಕೆನಡಾದ ಪೂರ್ವ ತೀರದ ಇಂಥದೊಂದು ಅಧ್ಯಯನ 1993ರಲ್ಲೇ ಪ್ರಕಟವಾಗಿದೆ.

ತೊಡಕಿರುವುದು ಆ ಅಳತೆ ಯಾವುದರ ಸಾಕ್ಷಿ ಎಂಬಲ್ಲಿ. ದೊಡ್ಡ ಗಾತ್ರದ ತಾಯಿಯ ಮೊಟ್ಟೆ ಸಾಮಾನ್ಯವಾಗಿ ದೊಡ್ಡದು, ಅದರಿಂದ ಹೊರಬರುವ ಮರಿಯೂ ದೊಡ್ಡದು. ಬೇಸಿಗೆಯಲ್ಲಿ ನೀರು ಬೆಚ್ಚಗಾಗುವ, ಕೆನಡಾದ ಸೇಂಟ್ ಲಾರೆನ್ಸ್ ಕೊಲ್ಲಿಯ ದಕ್ಷಿಣ ಭಾಗದಲ್ಲಿ ಹೆಣ್ಣುಗಳು ಚಿಕ್ಕ ಗಾತ್ರದಲ್ಲೇ ಪ್ರಾಯಕ್ಕೆ ಬರುತ್ತವೆ. ಅದೇ ದೇಶದ, ತಣ್ಣಗಿರುವ ಫಂಡಿ ಕೊಲ್ಲಿಯಲ್ಲಿ ಅವು ಸಾಕಷ್ಟು ಬೆಳೆದ ಮೇಲಷ್ಟೇ ಮೊಟ್ಟೆಯಿಡುತ್ತವೆ. ಹಾಗಾದರೆ ಎರಡೂ ಕಡೆಯ ಮರಿಗಳ ಅಳತೆಯಲ್ಲಿ ವ್ಯತ್ಯಾಸ ಕಂಡಾಗ ನಾವು ಕಂಡದ್ದು ವಂಶದ ಭೇದವನ್ನೋ, ತಾಯಂದಿರ ಮೈಗಾತ್ರವನ್ನೋ, ಒಂಬತ್ತರಿಂದ ಹನ್ನೆರಡು ತಿಂಗಳು ಆ ಮೊಟ್ಟೆಗಳು ತಾಯಿಯ ಬಾಲದಡಿ ಕಳೆದ ನೀರಿನ ಉಷ್ಣತೆಯನ್ನೋ?

ಮಲೆನಾಡಿನ ತೋಟಗಾರರಿಗೆ ಈ ಪ್ರಶ್ನೆ ಹೊಸತಲ್ಲ. ಕಣಿವೆಯ ತೋಟದ ಅಡಿಕೆ ಮರವನ್ನೂ ಬಯಲಿನ ಬೋರ್‌ವೆಲ್ ನೀರಿನ ಮರವನ್ನೂ ಪಕ್ಕಪಕ್ಕ ಹೋಲಿಸಿ ತಳಿ ಬೇರೆ ಎಂದು ತೀರ್ಪು ಕೊಟ್ಟರೆ ತೀರ್ಥಹಳ್ಳಿಯ ಯಾವ ಬೆಳೆಗಾರನೂ ಒಪ್ಪುವುದಿಲ್ಲ. ಎರಡೂ ಕಡೆಯ ತಾಯಿಮರದಿಂದ ಗೋಟು ತಂದು, ಒಂದೇ ಪಾತಿಯಲ್ಲಿ ಊರಿ, ಒಂದೇ ನೀರು ಗೊಬ್ಬರ ಕೊಟ್ಟು ನೋಡು ಎನ್ನುತ್ತಾನೆ. ಲಾಬ್‌ಸ್ಟರ್‌ಗೂ ಮಾಡಬೇಕಾದದ್ದು ಅದನ್ನೇ: ಬೇರೆ ಬೇರೆ ಕರಾವಳಿಯ ಮೊಟ್ಟೆ ಹೊತ್ತ ಹೆಣ್ಣುಗಳನ್ನು ತಂದು, ಒಂದೇ ಉಷ್ಣತೆಯ ತೊಟ್ಟಿಗಳಲ್ಲಿಟ್ಟು, ತಾಯಿಯ ಗಾತ್ರವನ್ನೂ ಲೆಕ್ಕಕ್ಕೆ ಹಿಡಿದು, ಮರಿಗಳನ್ನು ಅಳೆಯುವುದು. ಗೋಟಿನ ಗಾತ್ರ ಎಳೆಯ ಸಸಿಯಲ್ಲಿ ಕಾಣುವಂತೆ ತಾಯಿಯ ಪ್ರಭಾವ ಮೊದಲ ಹಂತದ ಲಾರ್ವದಲ್ಲಿ ಗಾಢವಾಗಿರುತ್ತದೆ. ಮುಂದಿನ ಹಂತಗಳಲ್ಲಿ ಮೇವು ಮತ್ತು ನೀರಿನ ಬಿಸಿ ಅದನ್ನು ಕಲಸಿಬಿಡುತ್ತವೆ. ಆದ್ದರಿಂದ ಹಂತವನ್ನು ಹೇಳದೆ ಕೊಟ್ಟ ಅಳತೆಯಿಂದ ಏನನ್ನೂ ಹೇಳಿದಂತಾಗುವುದಿಲ್ಲ.

ಇನ್ನೊಂದು ಎಡವಟ್ಟು ಎಣಿಕೆಯದು. ಒಂದು ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಹೊರುತ್ತದೆ. ಒಬ್ಬಳೇ ತಾಯಿಯ ಇನ್ನೂರು ಮರಿಗಳನ್ನು ಅಳೆದು ಇನ್ನೂರು ಮಾದರಿ ಎಂದು ಬರೆಯುವುದು, ಒಂದೇ ಮನೆಯ ಮಕ್ಕಳನ್ನು ನಿಲ್ಲಿಸಿ ಇಡೀ ಊರಿನ ಎತ್ತರ ಹೇಳಿದಂತೆ. ಎಣಿಸಬೇಕಾದದ್ದು ತಾಯಂದಿರನ್ನು. ಶೇಕಡಾ ಇಷ್ಟು ಮರಿಗಳ ಪ್ರದೇಶವನ್ನು ಸರಿಯಾಗಿ ಗುರುತಿಸಿದೆವು ಎಂಬ ಮಾತಿಗೂ ಇಂಥದೇ ಎಚ್ಚರ ಬೇಕು: ಅಳತೆಯಿಂದ ಪ್ರದೇಶ ಹೇಳುವ ಸೂತ್ರ ಕಟ್ಟಲು ಬಳಸಿದ ಮರಿಗಳ ಮೇಲೆಯೇ ಸೂತ್ರವನ್ನು ಪರೀಕ್ಷಿಸಿದರೆ ಅಂಕ ಚೆನ್ನಾಗಿಯೇ ಬರುತ್ತದೆ, ಮತ್ತು ಎರಡೇ ಪ್ರದೇಶಗಳಿದ್ದಲ್ಲಿ ನಾಣ್ಯ ಚಿಮ್ಮಿದರೂ ಅರ್ಧ ಸರಿಯಾಗುತ್ತದೆ.

ಮಾದರಿ ಕೆಡದಂತೆ ಇಡುವ ಸಂರಕ್ಷಕ ದ್ರವವೂ ಅಳತೆಯನ್ನು ಕೆಡಿಸಬಲ್ಲದು, ಆ ವಿಚಾರದಲ್ಲಿ ನಾನೇ ಪೆಟ್ಟು ತಿಂದವನು. ಒಮ್ಮೆ ವಿದ್ಯಾರ್ಥಿಗಳೊಂದಿಗೆ ಎರಡು ಕೆರೆಗಳ ಗೊದಮೊಟ್ಟೆಗಳನ್ನು ಅಳೆಸಿದೆ. ಒಂದು ಕೆರೆಯವನ್ನು ಹಿಡಿದ ದಿನವೇ ಅಳೆದೆವು. ಮಳೆ ಜೋರಾಗಿ ಕರೆಂಟು ಹೋದದ್ದರಿಂದ ಇನ್ನೊಂದು ಕೆರೆಯವು ಮೂರು ವಾರ ಫಾರ್ಮಲಿನ್‌ನಲ್ಲಿ ಉಳಿದವು. ಎರಡನೆಯ ಕೆರೆಯವು ಚಿಕ್ಕವೆಂದು ಹುಡುಗರು ಉತ್ಸಾಹದಿಂದ ಬರೆದು ತಂದರು, ನಾನೂ ಸಹಿ ಹಾಕಿದೆ. ಫಾರ್ಮಲಿನ್‌ನಲ್ಲಿ ಮೈ ಕುಗ್ಗುತ್ತದೆಂಬ ಪಾಠವನ್ನು ಅದೇ ವರ್ಷ ನಾನೇ ಮಾಡಿದ್ದೆ.

ವಂಶವಾಹಿ ಪರೀಕ್ಷೆ ಬಂದ ಮೇಲೆ ಅಳತೆಪಟ್ಟಿ ಬೇಡವಾಯಿತು ಎಂದೇನೂ ನಾನು ಹೇಳುತ್ತಿಲ್ಲ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದೇ ಲಾಬ್‌ಸ್ಟರ್‌ನ ಹತ್ತು ಸಾವಿರಕ್ಕೂ ಮಿಕ್ಕಿದ ಡಿಎನ್‌ಎ ಗುರುತುಗಳನ್ನು ನೋಡಿ, ಉತ್ತರ ಮತ್ತು ದಕ್ಷಿಣ ಎಂಬ ಎರಡು ದೊಡ್ಡ ಗುಂಪುಗಳನ್ನು ಬೇರ್ಪಡಿಸಿತು. ಪ್ರದೇಶಗಳ ನಡುವಿನ ಭೇದ ಮಾತ್ರ ತೀರ ಸಣ್ಣದು. ಸಣ್ಣ ಭೇದವಿರುವಲ್ಲಿ ಅಳತೆಯ ಸಾಕ್ಷ್ಯವೂ ಜೊತೆಗಿದ್ದರೆ ಒಳ್ಳೆಯದೇ. ಅದನ್ನೊಂದನ್ನೇ ನಂಬಿ ಮೀನುಗಾರಿಕೆಯ ಗೆರೆ ಎಳೆಯಬಾರದು, ಅಷ್ಟೆ.

ನಮ್ಮ ಕರಾವಳಿಗೆ ಇದನ್ನು ಅನ್ವಯಿಸಬೇಕೆಂಬ ಆ ಬರಹದ ಸಲಹೆಯ ಬಗ್ಗೆ ನನಗೆ ಇನ್ನೂ ಹೆಚ್ಚಿನ ಅನುಮಾನವಿದೆ. ಶರಾವತಿ ಹೊನ್ನಾವರದಲ್ಲಿ ಸೇರುವ ಅರಬ್ಬಿ ಸಮುದ್ರದಲ್ಲಿರುವುದು ಮುಖ್ಯವಾಗಿ ದೊಡ್ಡ ಚಿಮಟಗಳಿಲ್ಲದ ಮುಳ್ಳು ಲಾಬ್‌ಸ್ಟರ್‌ಗಳು. ಅವುಗಳ ಲಾರ್ವ ಎಲೆಯಂತೆ ಚಪ್ಪಟೆ, ಗಾಜಿನಂತೆ ಪಾರದರ್ಶಕ. ಅದು ತೇಲುವುದು ವಾರಗಟ್ಟಲೆಯಲ್ಲ, ತಿಂಗಳುಗಟ್ಟಲೆ, ಹಂತಗಳೂ ಮೂರಕ್ಕಿಂತ ಎಷ್ಟೋ ಹೆಚ್ಚು. ಅಲ್ಲಿಯ ಮಾಪನವನ್ನು ಇಲ್ಲಿಗೆ ಹಾಗೆಯೇ ತಂದು ಕೂರಿಸಲಾಗದು. ಮುಂಬಯಿ ಕಡೆ ಇನ್ನೊಂದು ಬಗೆಯಾದ ಚಪ್ಪಟೆ ಲಾಬ್‌ಸ್ಟರ್‌ನ ಮೀನುಗಾರಿಕೆ 1990ರ ದಶಕದಲ್ಲಿ ಕುಸಿದದ್ದನ್ನೂ, 2003ರಲ್ಲಿ ಕೇಂದ್ರವು ರಫ್ತಿಗೆ ಜಾತಿವಾರು ಕನಿಷ್ಠ ತೂಕ ಗೊತ್ತುಪಡಿಸಿದ್ದನ್ನೂ ನೆನೆದರೆ, ಇಲ್ಲಿ ಸಂತತಿಯ ಲೆಕ್ಕ ತಪ್ಪಿದರೆ ನಷ್ಟ ಯಾರಿಗೆಂದು ಬಿಡಿಸಿ ಹೇಳಬೇಕಿಲ್ಲ.

ಇಂಥ ಸಂಶೋಧನೆಗಳನ್ನು ಮುಂದೆ ವರದಿ ಮಾಡುವಾಗ ಅಳೆದದ್ದು ಯಾವ ಹಂತದ ಲಾರ್ವ, ಎಷ್ಟು ತಾಯಂದಿರದು, ಯಾವ ಉಷ್ಣತೆಯ ನೀರಿನದು ಎಂಬ ಮೂರು ವಿವರಗಳನ್ನಾದರೂ ಒಂದು ಸಾಲಿನಲ್ಲಿ ಸೇರಿಸಬೇಕೆಂದು ಕೋರುತ್ತೇನೆ. ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ತಮ್ಮ ವಿಜ್ಞಾನ ಪುಟವನ್ನು ಕತ್ತರಿಸಿ ಸೂಚನಾ ಫಲಕಕ್ಕೆ ಅಂಟಿಸುವ ಪದ್ಧತಿ ಇನ್ನೂ ಉಳಿದಿದೆ.

ಇಂತು,
ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ,
ಸಾಗರ, ಶಿವಮೊಗ್ಗ ಜಿಲ್ಲೆ